ತ್ಯಾಜ್ಯ ಶಾಖದಿಂದ ವಿದ್ಯುತ್: ನ್ಯಾನೊ ವಸ್ತುಗಳ ಉಷ್ಣವಾಹಕತೆಯ ಮಾಪನ

ಪೀಠಿಕೆ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ತಾಲ್ಲೂಕಿನ ಅಕ್ಕೋಳ ಹಾಗೂ ಸುತ್ತಲಿನ ಪ್ರದೇಶದಲ್ಲಿ ಕಬ್ಬು ಪ್ರಮುಖ ಬೆಳೆಯಾಗಿದೆ. ಬೆಲ್ಲದ ಗಾಣದಲ್ಲಿ ಕಬ್ಬಿನ ರಸವನ್ನು ಕುದಿಸುವಾಗ ಶಾಖದ ಒಂದು ಭಾಗವು ಹೊಗೆಯೊಡನೆ ಚಿಮಣಿಯ ಮೂಲಕ ವ್ಯರ್ಥವಾಗುತ್ತದೆ. ಇಂತಹ ಶಾಖವನ್ನು ಚಲಿಸುವ ಯಂತ್ರಭಾಗಗಳಿಲ್ಲದೆ ನೇರವಾಗಿ ವಿದ್ಯುತ್ತಾಗಿ ಪರಿವರ್ತಿಸುವ ವಸ್ತುಗಳಿಗೆ ಉಷ್ಣವಿದ್ಯುತ್ ವಸ್ತುಗಳೆಂದು ಹೆಸರು. ಇವುಗಳ ಯೋಗ್ಯತೆಯನ್ನು ಅಳೆಯುವ ವಿಧಾನವನ್ನು ಇಲ್ಲಿ ವಿವರಿಸಲಾಗಿದೆ.

ಮೂಲ ತತ್ವ

ವಸ್ತುವಿನ ಒಂದು ತುದಿ ಬಿಸಿಯಾಗಿಯೂ ಇನ್ನೊಂದು ತಂಪಾಗಿಯೂ ಇದ್ದಾಗ ಅವುಗಳ ನಡುವೆ ಅಲ್ಪ ವೋಲ್ಟೇಜ್ ಉಂಟಾಗುತ್ತದೆ. ಈ ಪರಿಣಾಮವನ್ನು 1821ರಲ್ಲಿ ಥಾಮಸ್ ಸೀಬೆಕ್ ಗುರುತಿಸಿದರು. ಪ್ರತಿ ಡಿಗ್ರಿ ಅಂತರಕ್ಕೆ ದೊರೆಯುವ ವೋಲ್ಟೇಜೇ ಸೀಬೆಕ್ ಗುಣಾಂಕ. ಇದರ ವರ್ಗವನ್ನು ವಿದ್ಯುತ್ ವಾಹಕತೆ ಹಾಗೂ ಕೆಲ್ವಿನ್ ತಾಪಮಾನದಿಂದ ಗುಣಿಸಿ, ಉಷ್ಣವಾಹಕತೆಯಿಂದ ಭಾಗಿಸಿದರೆ 'ಝಡ್‌ಟಿ' ಎಂಬ ಅರ್ಹತಾಂಕ ದೊರೆಯುತ್ತದೆ. ಅಂದರೆ, ಉತ್ತಮ ವಸ್ತುವು ವಿದ್ಯುತ್ತನ್ನು ಸುಲಭವಾಗಿ ಹರಿಯಬಿಟ್ಟು ಶಾಖವನ್ನು ತಡೆಯಬೇಕು.

ನ್ಯಾನೊ ರಚನೆಯ ಪಾತ್ರ

ಅರೆವಾಹಕಗಳಲ್ಲಿ ಶಾಖವನ್ನು ಬಹುಪಾಲು ಸಾಗಿಸುವುದು ಪರಮಾಣುಗಳ ಕಂಪನ. ಕೆಲವೇ ನ್ಯಾನೊಮೀಟರ್ ಗಾತ್ರದ ರಚನೆಗಳು ಈ ಕಂಪನಗಳನ್ನು ಚದುರಿಸಬಲ್ಲವು. 2008ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಸುಮಾರು 50 ನ್ಯಾನೊಮೀಟರ್ ವ್ಯಾಸದ ಒರಟು ಸಿಲಿಕಾನ್ ತಂತಿಗಳ ಉಷ್ಣವಾಹಕತೆಯು ಸಾಮಾನ್ಯ ಸಿಲಿಕಾನ್‌ಗಿಂತ ಸುಮಾರು 100 ಪಟ್ಟು ಕಡಿಮೆ ಇತ್ತು. ಬೆಂಗಳೂರಿನ ಜವಾಹರಲಾಲ್ ನೆಹರು ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಕನಿಷ್ಕ ಬಿಸ್ವಾಸ್ ಮತ್ತು ಸಹೋದ್ಯೋಗಿಗಳು ಬೆಳ್ಳಿ, ಆಂಟಿಮನಿ ಹಾಗೂ ಟೆಲ್ಲೂರಿಯಂ ಸಂಯುಕ್ತಕ್ಕೆ ಅಲ್ಪ ಕ್ಯಾಡ್ಮಿಯಂ ಸೇರಿಸಿ, ಸುಮಾರು 300 ಡಿಗ್ರಿ ಸೆಲ್ಸಿಯಸ್‌ನಲ್ಲಿ 2.6ರಷ್ಟು ಝಡ್‌ಟಿ ಪಡೆದುದನ್ನು 2021ರಲ್ಲಿ ಪ್ರಕಟಿಸಿದರು.

ಮಾಪನ ವಿಧಾನಗಳು

1. ವಿದ್ಯುತ್ ವಾಹಕತೆ: ನಾಲ್ಕು ಸಂಪರ್ಕಗಳ ವಿಧಾನ. ಎರಡರಲ್ಲಿ ವಿದ್ಯುತ್ ಹರಿಸಿ, ಉಳಿದೆರಡರಲ್ಲಿ ವೋಲ್ಟೇಜ್ ಅಳೆಯಲಾಗುತ್ತದೆ. ಇದರಿಂದ ಸಂಪರ್ಕ ತಂತಿಗಳ ರೋಧವು ಲೆಕ್ಕಕ್ಕೆ ಸೇರುವುದಿಲ್ಲ.

2. ಗಟ್ಟಿ ಬಿಲ್ಲೆಯ ಉಷ್ಣವಾಹಕತೆ: ಬಿಲ್ಲೆಯ ಒಂದು ಬದಿಗೆ ಲೇಸರ್ ಮಿಂಚು ಹಾಯಿಸಿ, ಇನ್ನೊಂದು ಬದಿ ಬಿಸಿಯಾಗಲು ಹಿಡಿಯುವ ಕಾಲದಿಂದ ಲೆಕ್ಕ ಹಾಕಲಾಗುತ್ತದೆ.

3. ತೆಳುಪದರದ ಉಷ್ಣವಾಹಕತೆ: ಪದರದ ಮೇಲೆ ಕೂರಿಸಿದ ಸಣ್ಣ ಲೋಹದ ಪಟ್ಟಿಯೇ ಹೀಟರ್ ಹಾಗೂ ತಾಪಮಾಪಕ ಎರಡೂ ಆಗುತ್ತದೆ. ಹರಿಸಿದ ವಿದ್ಯುತ್ತಿನ ಮೂರು ಪಟ್ಟು ಆವರ್ತನದಲ್ಲಿ ಕಾಣುವ ಅಲ್ಪ ವೋಲ್ಟೇಜನ್ನು ಅಳೆಯುವುದರಿಂದ ಇದಕ್ಕೆ '3-ಒಮೆಗಾ' ವಿಧಾನವೆಂದು ಹೆಸರು. ಇದನ್ನು ಡೇವಿಡ್ ಕಾಹಿಲ್ 1990ರಲ್ಲಿ ವಿವರವಾಗಿ ಪ್ರಕಟಿಸಿದರು.

4. ನ್ಯಾನೊ ತಂತಿ: ತೂಗುಬಿಟ್ಟ ಎರಡು ಅತಿಸೂಕ್ಷ್ಮ ವೇದಿಕೆಗಳ ನಡುವೆ ತಂತಿಯನ್ನಿಟ್ಟು, ಒಂದನ್ನು ಬಿಸಿಮಾಡಿ, ಇನ್ನೊಂದನ್ನು ತಲುಪುವ ಶಾಖವನ್ನು ಅಳೆಯಲಾಗುತ್ತದೆ.

ಮಾಪನದ ದೋಷಗಳು

ಝಡ್‌ಟಿ ಲೆಕ್ಕದಲ್ಲಿ ಸಣ್ಣ ತಪ್ಪುಗಳು ಕೂಡಿ ದೊಡ್ಡದಾಗುತ್ತವೆ. ಸೀಬೆಕ್ ಗುಣಾಂಕವನ್ನು ಶೇಕಡಾ 10ರಷ್ಟು ಹೆಚ್ಚಾಗಿಯೂ ಉಷ್ಣವಾಹಕತೆಯನ್ನು ಶೇಕಡಾ 10ರಷ್ಟು ಕಡಿಮೆಯಾಗಿಯೂ ಅಳೆದಲ್ಲಿ, 1.00 ಇರಬೇಕಾದ ಅಂಕಿ 1.34 ಎಂದು ಬರುತ್ತದೆ. ಬಿಸ್ಮತ್ ಟೆಲ್ಲುರೈಡ್‌ನಂತಹ ಪದರು ಹರಳುಗಳಲ್ಲಿ ಪದರದುದ್ದಕ್ಕೂ ಪದರಕ್ಕೆ ಅಡ್ಡಲಾಗಿಯೂ ವಾಹಕತೆ ಬೇರೆಬೇರೆಯಾಗಿರುತ್ತದೆ. ಆದ್ದರಿಂದ ಮೂರೂ ಗುಣಗಳನ್ನು ಒಂದೇ ಮಾದರಿಯಲ್ಲಿ, ಒಂದೇ ದಿಕ್ಕಿನಲ್ಲಿ, ಒಂದೇ ತಾಪಮಾನದಲ್ಲಿ ಅಳೆಯುವುದು ಅವಶ್ಯ.

ಸಾರ್ವಜನಿಕರ ಗಮನಕ್ಕೆ

ಅರ್ಹತಾಂಕವು ವಸ್ತುವಿನದೇ ಹೊರತು ಸಾಧನದ್ದಲ್ಲ. ಮಾರುಕಟ್ಟೆಯಲ್ಲಿರುವ ಬಿಸ್ಮತ್ ಟೆಲ್ಲುರೈಡ್ ಸಾಧನಗಳು ಸಾಮಾನ್ಯವಾಗಿ ತಮ್ಮ ಮೂಲಕ ಹಾಯ್ದ ಶಾಖದ ಶೇಕಡಾ 5ರ ಆಸುಪಾಸನ್ನಷ್ಟೇ ವಿದ್ಯುತ್ತಾಗಿಸುತ್ತವೆ. ತ್ಯಾಜ್ಯ ಶಾಖದಿಂದ ವಿದ್ಯುತ್ ನೀಡುವುದಾಗಿ ಹೇಳುವ ಸಾಧನವನ್ನು ಕೊಳ್ಳುವ ಮುನ್ನ ಗಾಣದ ಮಾಲೀಕರು, ಎರಡೂ ಬದಿಗಳ ಎಷ್ಟು ತಾಪಮಾನದಲ್ಲಿ ಎಷ್ಟು ವ್ಯಾಟ್ ದೊರೆಯುತ್ತದೆ ಎಂಬ ಪರೀಕ್ಷಾ ವರದಿಯನ್ನು ಕೇಳಿ ಪಡೆಯುವುದು ಸೂಕ್ತ.