ರಾಮನಗರದ ಬಂಡೆಗಳೂ ಚಲನಚಿತ್ರ ಸಂಕಲನದ ಅವಿಚ್ಛಿನ್ನತೆಯೂ

ಚಲನಚಿತ್ರವನ್ನು ನೋಡುವವನು ಒಂದು ಕಥೆಯನ್ನು ನೋಡುತ್ತೇನೆಂದು ತಿಳಿಯುತ್ತಾನೆ. ವಾಸ್ತವವಾಗಿ ಅವನ ಕಣ್ಣೆದುರು ಹಾಯುವುದು ಬೇರೆ ಬೇರೆ ದಿನಗಳಲ್ಲಿ, ಬೇರೆ ಬೇರೆ ಸ್ಥಳಗಳಲ್ಲಿ ತೆಗೆದ ನೂರಾರು ತುಣುಕುಗಳು. ಬೆಸುಗೆ ಕಾಣದಂತೆ ಅವನ್ನು ಜೋಡಿಸುವ ಕ್ರಮವನ್ನು ಸಂಕಲನದ ಅವಿಚ್ಛಿನ್ನತೆ ಎನ್ನಬಹುದು. ಚಿತ್ರೀಕರಣದ ಸ್ಥಳದಲ್ಲಿ ಎಲ್ಲರ ಬಾಯಲ್ಲಿರುವ ಮಾತು 'ಕಂಟಿನ್ಯೂಟಿ'. ಅದು ನಟನ ಅಂಗಿಯ ಗುಂಡಿ ಒಂದು ಶಾಟಿನಲ್ಲಿ ಹಾಕಿದ್ದು ಮುಂದಿನದರಲ್ಲಿ ಬಿಚ್ಚಿರದಂತೆ ಕಾಯುವ ಎಚ್ಚರ ಮಾತ್ರವೆಂಬ ಅಭಿಪ್ರಾಯ ವಿದ್ಯಾರ್ಥಿಗಳಲ್ಲಿ ಸಾಮಾನ್ಯವಾಗಿದೆ. ಈ ಅಭಿಪ್ರಾಯ ಸಾಲದೆಂಬುದನ್ನು ನಮ್ಮ ನೆರೆಯ ಬೆಟ್ಟಗಳಲ್ಲೇ ಚಿತ್ರಿತವಾದ ಎರಡು ಕೃತಿಗಳಿಂದ ತೋರಿಸಬಹುದಾಗಿದೆ.

ಮೊದಲು ನಿಯಮಗಳ ಮಾತು. ದೇವನಹಳ್ಳಿಯ ಕೋಟೆಯ ಬಾಗಿಲಲ್ಲಿ ಇಬ್ಬರು ಎದುರುಬದುರಾಗಿ ನಿಂತು ಮಾತನಾಡುತ್ತಿದ್ದಾರೆನ್ನಿ. ಅವರಿಬ್ಬರ ನಡುವೆ ಒಂದು ರೇಖೆಯನ್ನು ಕಲ್ಪಿಸಿಕೊಂಡು ಕ್ಯಾಮೆರಾ ಅದರ ಒಂದೇ ಪಕ್ಕದಲ್ಲಿದ್ದರೆ, ಒಬ್ಬನು ಸದಾ ಬಲಕ್ಕೂ ಮತ್ತೊಬ್ಬನು ಸದಾ ಎಡಕ್ಕೂ ನೋಡುತ್ತಾನೆ. ಬೇರೆ ಬೇರೆಯಾಗಿ ತೆಗೆದ ಮುಖಗಳೂ ಪರಸ್ಪರ ನೋಡುವಂತೆ ಭಾಸವಾಗುತ್ತದೆ. ಕ್ಯಾಮೆರಾ ರೇಖೆಯನ್ನು ದಾಟಿತೋ, ಇಬ್ಬರೂ ಒಂದೇ ಕಡೆಗೆ ನೋಡುತ್ತ ಮೂರನೆಯವನೊಡನೆ ಮಾತನಾಡುವಂತಾಗುತ್ತದೆ. ಚಲನೆಗೂ ಇದೇ ನ್ಯಾಯ. ದೊಡ್ಡಬಳ್ಳಾಪುರದಿಂದ ಬೆಂಗಳೂರಿಗೆ ಹೊರಟ ಬಸ್ಸು ಒಂದು ಶಾಟಿನಲ್ಲಿ ಎಡದಿಂದ ಬಲಕ್ಕೆ ಸಾಗಿ ಮುಂದಿನದರಲ್ಲಿ ಬಲದಿಂದ ಎಡಕ್ಕೆ ಸಾಗಿದರೆ, ಪ್ರೇಕ್ಷಕನಿಗೆ ಅದು ಮರಳಿ ಬರುತ್ತಿರುವ ಬಸ್ಸು! ದೂರದರ್ಶನದ ಧಾರಾವಾಹಿಗಳಲ್ಲಿ ಹಲವು ಕ್ಯಾಮೆರಾಗಳು ಏಕಕಾಲಕ್ಕೆ ಕೆಲಸ ಮಾಡುವಾಗಲೂ ಅವೆಲ್ಲ ರೇಖೆಯ ಈಚೆಗೇ ನಿಲ್ಲುವುದಕ್ಕೆ ಇದೇ ಕಾರಣ.

ಇನ್ನು ಮೊದಲ ಕೃತಿ. 2007ರಲ್ಲಿ ಬೇರೆ ಜಿಲ್ಲೆಯಾಗುವವರೆಗೆ ಬೆಂಗಳೂರು ಗ್ರಾಮಾಂತರ ಜಿಲ್ಲೆಗೇ ಸೇರಿದ್ದ ರಾಮನಗರದ ಬಂಡೆಗಳ ನಡುವೆ, 1973ರ ಅಕ್ಟೋಬರಿನಲ್ಲಿ ರಮೇಶ್ ಸಿಪ್ಪಿಯವರು 'ಶೋಲೆ'ಯ ಚಿತ್ರೀಕರಣವನ್ನು ಆರಂಭಿಸಿದರು. ಚಿತ್ರ 1975ರ ಆಗಸ್ಟ್ 15ರಂದು ತೆರೆಕಂಡಿತು. ಅದಕ್ಕೆ ದೊರೆತ ಏಕೈಕ ಫಿಲ್ಮ್‌ಫೇರ್ ಪ್ರಶಸ್ತಿ ಸಂಕಲನಕಾರ ಎಂ. ಎಸ್. ಶಿಂಧೆಯವರದೆಂಬುದು ಗಮನಾರ್ಹ. ಸಂಜೆಯ ಹೊತ್ತು ಕೆಳಗೆ ಕುಳಿತು ಜಯ್ ಮೌತ್ ಆರ್ಗನ್ ನುಡಿಸುತ್ತಾನೆ, ಎದುರು ಮನೆಯಲ್ಲಿ ವಿಧವೆ ರಾಧಾ ದೀಪಗಳನ್ನು ಒಂದೊಂದಾಗಿ ಆರಿಸುತ್ತಾಳೆ; ತೆರೆಯ ಮೇಲೆ ಇದು ಕೆಲವೇ ನಿಮಿಷಗಳ ಮಾತು. ಆದರೆ ಸೂರ್ಯ ಮುಳುಗಿ ಕತ್ತಲಾಗುವ ನಡುವಣ ಬೆಳಕು ದಿನಕ್ಕೆ ದೊರಕುವುದೇ ಅಲ್ಪಕಾಲ. ಆದುದರಿಂದ ಛಾಯಾಗ್ರಾಹಕ ದ್ವಾರಕಾ ದಿವೇಚಾರವರಿಗೆ ಈ ದೃಶ್ಯಕ್ಕೆ ಸುಮಾರು 20 ದಿನಗಳು ಹಿಡಿದವು. ಇಪ್ಪತ್ತು ಸಂಜೆಗಳು ಒಂದೇ ಸಂಜೆಯಾದವು. ಒಂದು ಮಾತನ್ನೂ ಆಡದ ಇಬ್ಬರ ನಡುವೆ ಸಂಬಂಧವಿದೆಯೆಂದು ನಾವು ತಿಳಿಯುವುದು ಒಬ್ಬರ ನೋಟದ ಹಿಂದೆಯೇ ಇನ್ನೊಬ್ಬರ ಮುಖವನ್ನು ಇಟ್ಟುದರಿಂದ. ಅಂದರೆ ಸಂಕಲನದ ಮೇಜಿನ ಮೇಲೆ.

ಇದಕ್ಕಿಂತ ಗಹನವಾದುದು ಠಾಕೂರನ ಶಾಲಿನ ಪ್ರಸಂಗ. ಹೋಳಿಯ ದಿನದ ದಾಳಿಯಲ್ಲಿ ಕಾಲ ಬಳಿ ಬಿದ್ದಿದ್ದ ಬಂದೂಕನ್ನು ಠಾಕೂರನು ಎತ್ತಿಕೊಡುವುದಿಲ್ಲ. ವೀರು ಸಿಟ್ಟಾಗುತ್ತಾನೆ, ಪ್ರೇಕ್ಷಕನೂ ಒಳಗೊಳಗೇ ಸಿಟ್ಟಾಗುತ್ತಾನೆ. ಠಾಕೂರನು ಹಿಂದಿನ ಕಥೆಯನ್ನು ಹೇಳತೊಡಗುತ್ತಾನೆ. ಗಬ್ಬರನ ಎರಡು ಕತ್ತಿಗಳು ಮೇಲೇರಿ ಇಳಿಯುವಲ್ಲಿ ಭೂತಕಾಲ ತುಂಡಾಗಿ ವರ್ತಮಾನಕ್ಕೆ ಬರುತ್ತೇವೆ. ಗಾಳಿಗೆ ಶಾಲು ಜಾರಿ ಬರಿದಾದ ತೋಳುಗಳು ಕಾಣುತ್ತವೆ. ಕತ್ತಿಯ ಏಟನ್ನು ನಾವು ಕಾಣಲೇ ಇಲ್ಲ. ಎರಡು ಕಾಲಗಳ ನಡುವೆ ಇಟ್ಟ ಆ ಬಿರುಕಿನಲ್ಲಿ ಅದನ್ನು ನಡೆಸಿದವರು ನಾವೇ. ಇಷ್ಟೇ ಅಲ್ಲ, ಅದಕ್ಕೆ ಮೊದಲು ಶಾಟಿನಿಂದ ಶಾಟಿಗೆ ತಪ್ಪದೆ ಬಂದ ಶಾಲನ್ನು ನೋಡಿಯೂ, ಅದರೊಳಗೆ ಕೈಗಳಿವೆಯೆಂದು ತುಂಬಿಕೊಂಡಿದ್ದವರೂ ನಾವೇ. ಅವಿಚ್ಛಿನ್ನತೆ ಪ್ರೇಕ್ಷಕನಿಗೆ ಎಲ್ಲವನ್ನೂ ತೋರಿಸುವುದಿಲ್ಲ. ತೋರಿಸದುದನ್ನು ಅವನಿಂದಲೇ ತುಂಬಿಸಿಕೊಳ್ಳುತ್ತದೆ.

ಎರಡನೆಯ ಕೃತಿ ಇ. ಎಂ. ಫಾರ್ಸ್ಟರರ 1924ರ ಕಾದಂಬರಿಯನ್ನು ಆಧರಿಸಿ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ'. ಲೀನ್ ನಿರ್ದೇಶಕನಾಗುವ ಮೊದಲು ಸಂಕಲನಕಾರನಾಗಿದ್ದವನು. ಈ ಚಿತ್ರದ ಸಂಕಲನವೂ ಅವನದೇ. ಕಾದಂಬರಿಯ ಮರಬಾರ್ ಗುಹೆಗಳಿಗೆ ಮೂಲ ಬಿಹಾರದ ಬರಾಬರ್ ಬೆಟ್ಟಗಳು. ಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದವು ಮಾಗಡಿ ತಾಲ್ಲೂಕಿನ ಸಾವನದುರ್ಗ ಮತ್ತು ರಾಮನಗರದ ರಾಮದೇವರ ಬೆಟ್ಟ. ಅಲ್ಲಿಗೆ ಹೋಗುವ ರೈಲು ಮಾತ್ರ ತಮಿಳುನಾಡಿನ ನೀಲಗಿರಿಯದು. ನೀಲಗಿರಿಯಲ್ಲಿ ರೈಲಿನಲ್ಲಿದ್ದವರು ಸಾವನದುರ್ಗದಲ್ಲಿ ಆನೆಯ ಮೇಲಿದ್ದರೂ ಯಾರಿಗೂ ಸಂಶಯ ಬರುವುದಿಲ್ಲ. ಇಂಥ ಕಲ್ಪಿತ ಭೂಗೋಳ ಸಾಧ್ಯವೆಂದು ರಷ್ಯದ ಲೆವ್ ಕುಲೆಶೋವ್ 1920ರ ಸುಮಾರಿಗೇ ಪ್ರಯೋಗಗಳಿಂದ ತೋರಿಸಿದ್ದನು. ಇದಕ್ಕೆ ನಮ್ಮ ಕಡೆ ತೆತ್ತ ಬೆಲೆ ಒಂದಿದೆ: ಲೋಕ ನೋಡಿದ್ದು ರಾಮಗಢವನ್ನು, ಮರಬಾರನ್ನು, ಬಂಡೆಗಳ ಸ್ವಂತ ಹೆಸರು ಎರಡರಲ್ಲಿಯೂ ಇಲ್ಲ. ಬೆಂಗಳೂರು-ಮೈಸೂರು ಮಾರ್ಗದಲ್ಲಿ ರಾಮನಗರಕ್ಕೆ ತನ್ನದೇ ಆದ ರೈಲು ನಿಲ್ದಾಣವಿರುವುದನ್ನು ಬಲ್ಲ ನಮಗೆ ಇದು ಕೊಂಚ ನಗೆ ತರಿಸುವ ಸಂಗತಿಯೂ ಹೌದು.

ಆದರೆ ಲೀನನ ನಿಜವಾದ ಸಾಹಸ ಗುಹೆಯ ಬಾಗಿಲಲ್ಲಿದೆ. ಒಳಗೆ ಅಡೆಲಾ ಕಡ್ಡಿ ಗೀರಿದ್ದಾಳೆ. ಬೆಳಕಿಗೆ ಬೆನ್ನಾಗಿ ಗುಹೆಯ ಬಾಯಲ್ಲಿ ಡಾ. ಅಜೀಜನ ಕಪ್ಪು ಆಕೃತಿ ನಿಂತಿದೆ. ನಿಯಮದಂತೆ ಮುಂದಿನ ಶಾಟು ಈ ನೋಟಕ್ಕೆ ಉತ್ತರವಾಗಬೇಕು. ಲೀನ್ ಉತ್ತರವನ್ನು ಕೊಡುವುದಿಲ್ಲ; ಕಥೆ ಬೇರೆಡೆಗೆ ಸರಿಯುತ್ತದೆ, ಆಮೇಲೆ ಅಡೆಲಾ ಕಳ್ಳಿಗಳ ಇಳಿಜಾರಿನಲ್ಲಿ ಎದ್ದುಬಿದ್ದು ಓಡುತ್ತಿರುತ್ತಾಳೆ. ನೋಟ ಮತ್ತು ಓಟಗಳ ನಡುವೆ ಒಂದು ಅಪರಾಧವನ್ನು ತುಂಬಿಕೊಳ್ಳುವುದು ಅತಿ ಸುಲಭ. ಕಥೆಯೊಳಗಿನ ಆಂಗ್ಲ ಅಧಿಕಾರಿಗಳು ಮಾಡುವುದೂ ಅದನ್ನೇ, ಅಜೀಜನ ಬಂಧನವಾಗುತ್ತದೆ. ತಾನು ಬೆಸುಗೆಯನ್ನು ಕಾಣದೆ ಏನನ್ನು ಊಹಿಸಿಕೊಂಡೆನೆಂದು ವಿದ್ಯಾರ್ಥಿಯು ಈ ಸ್ಥಳದಲ್ಲಿ ಚಿತ್ರವನ್ನು ನಿಲ್ಲಿಸಿ ಬರೆದಿಟ್ಟುಕೊಂಡು, ಬಳಿಕ ನ್ಯಾಯಾಲಯದ ದೃಶ್ಯವನ್ನು ನೋಡುವುದು ಒಳ್ಳೆಯದು. ಅಲ್ಲಿ ಅಡೆಲಾಳನ್ನು ಗುಹೆಯಲ್ಲಿ ನಡೆದುದನ್ನು ಕ್ರಮವಾಗಿ ಹೇಳುವಂತೆ ಕೇಳುತ್ತಾರೆ. ಅವಳು ಆ ಕ್ಷಣದವರೆಗೆ ಬಂದು ನಿಲ್ಲುತ್ತಾಳೆ, ಆಪಾದನೆಯನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಾಳೆ.