ಮಾತು ಬಾರದವರ ಸಾಕ್ಷಿಗೂ ಬೆಲೆಯಿದೆ

ಮನೆಯಲ್ಲಿ ಮಾತು ಬಾರದವರಿಗೋ ಕಣ್ಣು ಕಾಣದವರಿಗೋ ಅನ್ಯಾಯವಾದಾಗ, ರಾಯಚೂರಿನ ಮೊಹಲ್ಲಾಗಳಲ್ಲಾಗಲಿ, ದೇವದುರ್ಗ, ಮಾನ್ವಿಯ ಹಳ್ಳಿಗಳಲ್ಲಾಗಲಿ ನಾವು ಆಡುವ ಮಾತು ಒಂದೇ: "ಅವಗ ಹೇಳಾಕ ಬರಂಗಿಲ್ಲ, ಠಾಣಿಗೆ ಹೋಗಿ ಏನ್ ಸಾಕ್ಷಿ ಹೇಳ್ತಾನ? ಜಮಾಅತ್ ಹಿರೇರು ಕುಂತು ಮುಗಿಸಿಬಿಡ್ರಿ." ಗಾಯಗೊಂಡವರನ್ನು ಮಾತ್ರ ಯಾರೂ ಕೇಳುವುದಿಲ್ಲ.

ಕಾನೂನು ಹಾಗೆ ಹೇಳುವುದಿಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 125ನೇ ಕಲಮಿನಂತೆ, ಮಾತು ಬಾರದವರು ನ್ಯಾಯಾಲಯದಲ್ಲಿ ಬರೆದು ತೋರಿಸಿದ್ದು, ಸನ್ನೆಯಿಂದ ತಿಳಿಸಿದ್ದು ಬಾಯಿಮಾತಿನ ಸಾಕ್ಷ್ಯಕ್ಕೆ ಸಮ. ದುಭಾಷಿ ಅಥವಾ ವಿಶೇಷ ಶಿಕ್ಷಕರ ನೆರವನ್ನು ನ್ಯಾಯಾಲಯ ಪಡೆಯಲೇಬೇಕು, ಹೇಳಿಕೆಯ ವಿಡಿಯೋ ಮಾಡಿಸಲೇಬೇಕು. ಆಂಧ್ರದ ಅಂಧ ಮಹಿಳೆಯೊಬ್ಬರ ಮೇಲಿನ ಅತ್ಯಾಚಾರ ಪ್ರಕರಣದಲ್ಲಿ, ಅಂಗವೈಕಲ್ಯವಿದೆ ಎಂಬ ಒಂದೇ ಕಾರಣಕ್ಕೆ ಸಾಕ್ಷ್ಯವನ್ನು ದುರ್ಬಲವೆಂದು ತಿಳಿಯಬಾರದು ಎಂದು ಸುಪ್ರೀಂ ಕೋರ್ಟ್ 2021ರ ಏಪ್ರಿಲ್ 27ರಂದು ತೀರ್ಪಿತ್ತಿತು. ಆಕೆ ಆರೋಪಿಯನ್ನು ದನಿಯಿಂದಲೇ ಗುರುತಿಸಿದ್ದರು.

ಠಾಣೆಗೆ ಅಲೆಯುವ ಭಯವೂ ಬೇಡ. ವಿಕಲಚೇತನ ಸಾಕ್ಷಿಯನ್ನು ವಿಚಾರಿಸಬೇಕಿದ್ದರೆ ಪೊಲೀಸರೇ ಅವರಿರುವ ಕಡೆ ಬರಬೇಕು (ನಾಗರಿಕ ಸುರಕ್ಷಾ ಸಂಹಿತೆ, ಕಲಂ 179). ಲೈಂಗಿಕ ದೌರ್ಜನ್ಯವಾಗಿದ್ದರೆ ದೂರನ್ನೂ ಮನೆಯಲ್ಲೇ, ದುಭಾಷಿ ಅಥವಾ ವಿಶೇಷ ಶಿಕ್ಷಕರ ಎದುರು ಬರೆದುಕೊಳ್ಳಬೇಕು (ಕಲಂ 173).

ತೊಡಕಿರುವುದು ಇಲ್ಲಿ. ಶಾಲೆಯ ಮುಖವನ್ನೇ ಕಾಣದ ಮಗುವಿಗೆ ಗೊತ್ತಿರುವುದು ಮನೆಯ ಸನ್ನೆ. ಅದು ಅಮ್ಮನಿಗೆ ತಿಳಿದೀತು, ಹೊರಗಿನ ದುಭಾಷಿಗೆ ತಿಳಿಯದು. ಅಮ್ಮನೇ ಅರ್ಥ ಹೇಳಿದರೆ ಎದುರಾಳಿ ವಕೀಲರು ಸುಮ್ಮನಿರುತ್ತಾರೆಯೇ? ಆದ್ದರಿಂದ ಮೊದಲ ದಿನವೇ ವಿಶೇಷ ಶಿಕ್ಷಕರು ಬೇಕೆಂದು ಲಿಖಿತವಾಗಿ ಕೇಳಿ, ಸ್ವೀಕೃತಿ ಪಡೆಯಿರಿ. ಮಗುವನ್ನು ಶಾಲೆಗೆ ಕಳಿಸದಿದ್ದುದರ ಬೆಲೆ ಹೀಗೂ ತೆರಬೇಕಾಗುತ್ತದೆ; ಅದರಲ್ಲಿ ನಮ್ಮ ತಪ್ಪೂ ಇದೆ.

ಇಂಥವರೇ ಆರೋಪಿಗಳಾದರೆ? ಕೇಳಿಸದವನು ಉತ್ತರಿಸದಿದ್ದರೆ ಸೊಕ್ಕು ಎಂದುಕೊಳ್ಳುವವರಿದ್ದಾರೆ. ಬುದ್ಧಿಭ್ರಮಣೆಯಿಲ್ಲದಿದ್ದರೂ ವಿಚಾರಣೆಯನ್ನು ತಿಳಿಸಿಕೊಡಲಾಗದ ಆರೋಪಿ ತಪ್ಪಿತಸ್ಥನೆಂದು ಕೆಳ ನ್ಯಾಯಾಲಯ ಕಂಡುಕೊಂಡರೆ, ಕಲಂ 357ರಂತೆ ವರದಿ ಸಮೇತ ಹೈಕೋರ್ಟಿಗೆ ಕಳಿಸಬೇಕು. ನಮ್ಮ ಜಿಲ್ಲೆಗೆ ಅದು ಕಲಬುರಗಿ ಪೀಠ. ಆದರೆ ಕೇಳಿಸದೆಂಬ ಸಂಗತಿಯನ್ನು ಮನೆಯವರು ಬಂಧನದ ದಿನವೇ ವಕೀಲರಿಗೂ ನ್ಯಾಯಾಧೀಶರಿಗೂ ತಿಳಿಸಿರಬೇಕು.

ವಕೀಲರ ಶುಲ್ಕಕ್ಕೆ ಹೆದರಬೇಕಿಲ್ಲ. ಅಂಗವಿಕಲರಿಗೆ ಆದಾಯ ಎಷ್ಟೇ ಇರಲಿ, ಕಾನೂನು ಸೇವಾ ಪ್ರಾಧಿಕಾರದ ಉಚಿತ ನೆರವು ಸಿಗುತ್ತದೆ, ಸಹಾಯವಾಣಿ 15100. ಮನೆಯೊಳಗಿನ ಹಿಂಸೆಯಾದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 7ನೇ ಕಲಮಿನಡಿ ತಾಲೂಕು ದಂಡಾಧಿಕಾರಿಯಾದ ತಹಶೀಲ್ದಾರರಿಗೆ ಯಾರು ಬೇಕಾದರೂ ತಿಳಿಸಬಹುದು, ನೆರೆಮನೆಯವರೂ, ಮಸೀದಿ ಕಮಿಟಿಯವರೂ.