ಒಂದೇ ಕಳೆ, ಎರಡು ಬಾಧೆ

ಮೃಗಶಿರೆಯ ಮಳೆ ಬಿದ್ದು ಕೆಲವು ವಾರಗಳು ಕಳೆಯುವಷ್ಟರಲ್ಲಿ, ಬೀದರಿನಿಂದ ಭಾಲ್ಕಿಗೂ ಔರಾದಕ್ಕೂ ಹೋಗುವ ಹಾದಿಗಳ ಬದಿಯಲ್ಲಿ ಸಣ್ಣ ಬಿಳಿಯ ಹೂಗಳ ಕಳೆಯೊಂದು ಸೊಂಟದೆತ್ತರಕ್ಕೆ ಬೆಳೆದು ನಿಲ್ಲುವುದು. ಜನರು ಇದನ್ನು ಕಾಂಗ್ರೆಸ್ ಹುಲ್ಲೆನ್ನುವರು. ಸಸ್ಯಶಾಸ್ತ್ರದಲ್ಲಿ ಪಾರ್ಥೇನಿಯಮ್ ಎಂದು ಹೆಸರು. ಅಮೆರಿಕ ಖಂಡದ ಈ ಗಿಡವು 1955ರ ಸುಮಾರಿಗೆ ಪುಣೆಯಲ್ಲಿ ಗಮನಕ್ಕೆ ಬಂದು, ಆ ಬಳಿಕ ದೇಶವನ್ನೆಲ್ಲ ವ್ಯಾಪಿಸಿತು. ಇದು ತಮಗೆ 'ಆಗದು' ಎನ್ನುವವರು ಅನೇಕರಿದ್ದಾರೆ. ಆದರೆ ಈ ಒಂದು ಮಾತಿನೊಳಗೆ ಎರಡು ಬೇರೆ ಬೇರೆ ವ್ಯಾಧಿಗಳು ಅಡಗಿವೆ. ನಾವೂ ಬಹುಕಾಲ ಇವೆರಡನ್ನು ಒಂದೆಂದೇ ಎಣಿಸಿದ್ದೆವು.

ಮೊದಲನೆಯದು ಮೂಗಿನ ಬಾಧೆ. ಕೆಲವರ ದೇಹವು ಹೂವಿನ ಪರಾಗವನ್ನು ಶತ್ರುವೆಂದು ಬಗೆದು, ಐಜಿಇ ಎಂಬ ಪ್ರತಿಕಾಯವನ್ನು ಸಿದ್ಧಪಡಿಸಿಕೊಳ್ಳುವುದು. ಈ ಪ್ರತಿಕಾಯವು ಮಾಸ್ಟ್ ಕೋಶಗಳ ಮೇಲೆ ಕಾವಲು ಕುಳಿತಿರುವುದು. ಪರಾಗವು ಪುನಃ ಬಂದೊಡನೆ ಆ ಕೋಶಗಳು ಹಿಸ್ಟಮಿನ್ ಎಂಬ ದ್ರವ್ಯವನ್ನು ಹೊರಸೂಸುವುವು. ಕೆಲವೇ ನಿಮಿಷಗಳಲ್ಲಿ ಸೀನು, ಮೂಗಿನ ಸೋರಿಕೆ, ಕಣ್ಣಿನ ನವೆ ಪ್ರಾರಂಭವಾಗುವುವು. ಮೈಮೇಲೆ ಏಳುವ ಪಿತ್ತದ ಗಂಧೆಗೂ ಬಹುಮಟ್ಟಿಗೆ ಇದೇ ಹಿಸ್ಟಮಿನ್ ಕಾರಣ. ಇದರ ಕಾರ್ಯಗಳನ್ನು ಇಂಗ್ಲೆಂಡಿನ ಡೇಲ್ ಮತ್ತು ಲೇಡ್ಲಾ ಎಂಬ ವಿದ್ವಾಂಸರು 1910ರಲ್ಲಿ ವಿವರಿಸಿದರು.

ಇದನ್ನು ಕಂಡುಹಿಡಿಯಲು ಸೂಜಿಯ ಪರೀಕ್ಷೆಯುಂಟು. ಮುಂಗೈಯ ಒಳಭಾಗದಲ್ಲಿ ಪರಾಗಾದಿಗಳ ಸಾರವನ್ನು ಹನಿಹನಿಯಾಗಿಟ್ಟು ಮೆಲ್ಲನೆ ಚುಚ್ಚುವರು. ಪಕ್ಕದಲ್ಲಿ ಬರಿಯ ಉಪ್ಪುನೀರಿನದೊಂದು ಹನಿ, ಹಿಸ್ಟಮಿನ್ನಿನದೊಂದು ಹನಿ ಇರುವುವು. 15-20 ನಿಮಿಷಗಳ ಮೇಲೆ ಅಳೆದಾಗ, ಉಪ್ಪುನೀರಿನ ಜಾಗಕ್ಕಿಂತ 3 ಮಿಲಿಮೀಟರಾದರೂ ದೊಡ್ಡದಾದ ಗಂಧೆ ಎದ್ದಿದ್ದರೆ ಸಾಕ್ಷ್ಯ ದೊರೆತಂತೆ. ಹಿಸ್ಟಮಿನ್ನಿನ ಹನಿಯೇ ಗಂಧೆಯನ್ನೆಬ್ಬಿಸದಿದ್ದರೆ ಪರೀಕ್ಷೆಯು ನಂಬತಕ್ಕದ್ದಲ್ಲ. ರೋಗಿಯು ಹಿಸ್ಟಮಿನ್ನನ್ನು ತಡೆಯುವ ಮಾತ್ರೆಯನ್ನು ನುಂಗಿ ಬಂದಿರಬಹುದು. ನೆಗಡಿಯ ಎಷ್ಟೋ ಮಾತ್ರೆಗಳಲ್ಲಿಯೂ ಈ ಔಷಧವು ಬೆರೆತಿರುವುದು. ಆದಕಾರಣ ಸುಮಾರು ಒಂದು ವಾರ ಮೊದಲೇ ಅದನ್ನು ವೈದ್ಯರನ್ನು ಕೇಳಿ ನಿಲ್ಲಿಸತಕ್ಕದ್ದು.

ಎರಡನೆಯದು ಚರ್ಮದ ಬಾಧೆ. ಬರಿಗೈಯಿಂದ ಕಳೆ ಕೀಳುವ ರೈತರಲ್ಲಿ ಮುಖ, ಕುತ್ತಿಗೆ, ಮೊಣಕೈಯ ಮಡಿಕೆಗಳು ಕೆಂಪಾಗಿ, ನವೆಯೆದ್ದು, ಕ್ರಮೇಣ ದಪ್ಪನಾಗುವುವು. ಒಣಗಿದ ಗಿಡದ ಪುಡಿಯು ಗಾಳಿಯಲ್ಲಿ ತೇಲಿಬಂದರೂ ಸಾಕು. ಇಲ್ಲಿ ಅಪರಾಧಿಯು ಗಿಡದಲ್ಲಿರುವ ಪಾರ್ಥೆನಿನ್. ಕಾದಾಡುವವು ರಕ್ತದ ಲಿಂಫೋಸೈಟ್ ಕೋಶಗಳು. ಹಿಸ್ಟಮಿನ್ನಿಗೆ ಇಲ್ಲಿ ಪ್ರಧಾನಪಾತ್ರವಿಲ್ಲ. ಆದುದರಿಂದಲೇ ವರ್ಷಗಟ್ಟಲೆ ಮಾತ್ರೆ ನುಂಗಿದರೂ ಈ ವ್ಯಾಧಿಯು ಬಗ್ಗದು. ಮಾತ್ರೆಯಿಂದ ನಿದ್ದೆ ಬಂದೀತು, ಗುಣ ಬಾರದು. ಇದಕ್ಕೆ ಪರೀಕ್ಷೆಯೂ ಬೇರೆ. ಬೆನ್ನಿಗೆ ಪಟ್ಟಿಯನ್ನಂಟಿಸಿ, 48 ಗಂಟೆಗಳ ಮೇಲೆ ತೆಗೆದು ನೋಡಿ, ಒಂದೆರಡು ದಿನ ಬಿಟ್ಟು ಮತ್ತೊಮ್ಮೆ ನೋಡುವರು. ಸೂಜಿಯ ಪರೀಕ್ಷೆಯಲ್ಲಿ ಏನೂ ಕಾಣಲಿಲ್ಲವೆಂದು ಇಂತಹ ರೋಗಿಯು ನಿಶ್ಚಿಂತನಾಗಿ ಮತ್ತೆ ಕಳೆ ಕೀಳಹೊರಟರೆ ಅನರ್ಥವೇ ಸರಿ.

ಇನ್ನೊಂದು ಮಾತು. ಗಂಧೆ ಎದ್ದಮಾತ್ರಕ್ಕೆ ರೋಗವುಂಟೆಂದು ಸಿದ್ಧವಾಗದು. ಶೇಂಗಾ ಹಿಂಡಿಯನ್ನು ಸುಖವಾಗಿ ತಿಂದು ಜೀರ್ಣಿಸಿಕೊಳ್ಳುವ ಮಗುವಿಗೆ, ಪರೀಕ್ಷೆಯ ಕಾಗದವೊಂದನ್ನೇ ನಂಬಿ ಅದನ್ನು ನಿಷೇಧಿಸುವುದು ನ್ಯಾಯವಲ್ಲ. ಏನು ತಿಂದಾಗ, ಎಲ್ಲಿ ಹೋದಾಗ, ಎಷ್ಟು ಹೊತ್ತಿಗೆ ಬಾಧೆಯಾಯಿತೆಂಬ ವೃತ್ತಾಂತವೇ ಮೊದಲ ಸಾಕ್ಷಿ, ಚರ್ಮವು ಎರಡನೆಯದು. ಆದರೆ ತುಟಿ ನಾಲಿಗೆಗಳು ಊದಿ ಉಸಿರು ಕಟ್ಟಿದರೆ ವೃತ್ತಾಂತವನ್ನು ಬರೆಯುತ್ತ ಕೂಡದೆ, ಮಾತ್ರೆಯನ್ನೂ ನೆಚ್ಚದೆ, ತಕ್ಷಣ ಆಸ್ಪತ್ರೆಗೆ ಧಾವಿಸತಕ್ಕದ್ದು. ಆಗ ಪ್ರಾಣವನ್ನುಳಿಸುವುದು ಅಡ್ರಿನಲಿನ್ ಸೂಜಿಮದ್ದು.

ಕಳೆಯನ್ನು ಹೂವಾಗುವ ಮುನ್ನವೇ, ಕೈಚೀಲ ತೊಟ್ಟು, ಮೂಗುಬಾಯಿ ಮುಚ್ಚಿಕೊಂಡು, ಬೇರುಸಹಿತ ಕೀಳಬೇಕು. ಬಾಧೆಯುಳ್ಳವರು ಈ ಕೆಲಸವನ್ನು ಇತರರಿಗೆ ಬಿಡುವುದು ಲೇಸು. ಹಿತ್ತಲಿನ ಹತ್ತು ಗಿಡಗಳನ್ನು ಈ ಮಳೆಗಾಲದಲ್ಲಿ ಕಿತ್ತ ಗೃಹಸ್ಥನು ತನ್ನ ಮನೆಗೂ ನೆರೆಮನೆಗೂ ಉಪಕಾರ ಮಾಡಿದಂತೆಯೇ ಸರಿ.